ಚರ್ಮದ ಮೂಲಕ ಔಷಧಿ ಚೆನ್ನಾಗಿ ಒಳಗೆ ಹೋಗುವ ಹಾಗೆ ಮಾಡುವುದು ಹೇಗೆ?

ಅಡ್ಡಿ ಇರುವುದು ಚರ್ಮದ ತೀರಾ ಮೇಲಿನ ಪದರದಲ್ಲಿ. ದಪ್ಪ ಬರೀ 10–20 ಮೈಕ್ರೋಮೀಟರ್, ಆದರೆ ಸತ್ತ ಜೀವಕೋಶಗಳು ಇಟ್ಟಿಗೆಯ ಹಾಗೆ ಒತ್ತಾಗಿ ಕೂತಿರುತ್ತವೆ, ನಡುವೆ ಕೊಬ್ಬು ಗಾರೆಯ ಹಾಗೆ ಮೆತ್ತಿಕೊಂಡಿರುತ್ತದೆ. ಹಾಗಾಗಿ ನಿಕೋಟಿನ್‌ನಂಥ ಪುಟ್ಟ ಅಣುಗಳು ಚರ್ಮಕ್ಕೆ ಅಂಟಿಸುವ ಪ್ಯಾಚ್‌ನಿಂದ ಸಲೀಸಾಗಿ ಇಳಿಯುತ್ತವೆ, ಸುಮಾರು 5,800 ಡಾಲ್ಟನ್ (ಅಣುವಿನ ತೂಕದ ಅಳತೆ) ತೂಗುವ ದೊಡ್ಡ ಅಣುವಾದ ಇನ್ಸುಲಿನ್ ಮಾತ್ರ ಸುಮ್ನೆ ಹಚ್ಚಿದರೆ ಹೊರಗೇ ಉಳಿಯುತ್ತದೆ. ಆಲ್ಕೋಹಾಲ್, ಒಲೀಕ್ ಆಮ್ಲ ಬೆರೆಸಿದರೆ ಆ ಗಾರೆ ಸ್ವಲ್ಪ ಸಡಿಲವಾಗುತ್ತದೆ, ಜಾಸ್ತಿಯಾದರೆ ಉರಿ. ಸಣ್ಣ ವಿದ್ಯುತ್ ಹರಿಸಿ ತಳ್ಳುವುದೂ ಉಂಟು.

ನನಗೆ ಹೆಚ್ಚು ಭರವಸೆ ಇರುವುದು ಮೈಕ್ರೋಸೂಜಿಗಳ ಮೇಲೆ. ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತ ಗಿಡ್ಡ, ಆ ಪದರ ದಾಟುತ್ತವೆ, ನೋವಿನ ನರಗಳನ್ನು ಅಷ್ಟಾಗಿ ತಾಗುವುದಿಲ್ಲ, ಕೆಲವು ಚರ್ಮದೊಳಗೇ ಕರಗಿಹೋಗುತ್ತವೆ.

ಬೇಗ ಕೆಲಸ ಮಾಡಲಿ ಅಂತ ಪ್ಯಾಚ್ ಮೇಲೆ ಬಿಸಿನೀರಿನ ಚೀಲ ಮಾತ್ರ ಇಡಬೇಡಿ. ಫೆಂಟನಿಲ್‌ನಂಥ ಪ್ರಬಲ ನೋವುನಿವಾರಕ ಔಷಧಿ ಒಮ್ಮೆಲೇ ಜಾಸ್ತಿ ಒಳಹೋದರೆ ಉಸಿರೇ ನಿಲ್ಲಬಹುದು.