ಹೊಸ ಲ್ಯಾಪ್‌ಟಾಪಿನಲ್ಲಿ ಅಕ್ಷರ ತೀರಾ ಚಿಕ್ಕದಾಗಿ ಕಾಣುತ್ತದೆ, ಫಾಂಟ್ ಸೈಜ್ ಎಷ್ಟಿಡಬೇಕು?
ಫಾಂಟ್ ಸೈಜ್ ಹಾಗೇ ಇರಲಿ, ಸ್ಕೇಲ್ (ಪರದೆಯಲ್ಲಿ ಎಲ್ಲವನ್ನೂ ಎಷ್ಟು ದೊಡ್ಡದಾಗಿ ತೋರಿಸಬೇಕೆಂಬ ಪ್ರಮಾಣ) ಹೆಚ್ಚಿಸಿ. 100% ಸ್ಕೇಲ್‌ನಲ್ಲಿ ವಿಂಡೋಸ್ ಇಂಚಿಗೆ 96 ಪಿಕ್ಸೆಲ್ (ಪರದೆಯ ಚುಕ್ಕಿ) ಎಂದು ಲೆಕ್ಕ ಹಿಡಿಯುತ್ತದೆ. ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ, ಹಾಗಾಗಿ 12 ಪಾಯಿಂಟ್ ಅಕ್ಷರದ ಚೌಕಟ್ಟಿನ ಎತ್ತರಕ್ಕೆ ಸಿಗುವುದು 16 ಪಿಕ್ಸೆಲ್. 24 ಇಂಚಿನ 1920×1080 ಮಾನಿಟರಿನಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್, ಹಾಗಾಗಿ ಚೌಕಟ್ಟು 4.4 ಮಿ.ಮೀ. ಅದೇ ರೆಸಲ್ಯೂಶನ್ನಿನ (ಅಷ್ಟೇ ಪಿಕ್ಸೆಲ್‌ಗಳಿರುವ) 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ ಇಂಚಿಗೆ 141, ಚೌಕಟ್ಟು 2.9 ಮಿ.ಮೀ.ಗೆ ಕುಗ್ಗುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇಗೆ ಹೋಗಿ ಸ್ಕೇಲ್ 150% ಮಾಡಿ: 24 ಪಿಕ್ಸೆಲ್ ಸಿಕ್ಕಿ 4.3 ಮಿ.ಮೀ.ಗೆ ಬರುತ್ತದೆ.

ಕನ್ನಡಕ್ಕಂತೂ ಇದು ಬೇಕೇ ಬೇಕು. ‘ರಾಷ್ಟ್ರ’ದ ಷ, ಜೊತೆಗೆ ಟ, ರ ಒತ್ತುಗಳು ಒಂದೇ ಸಾಲಿನಲ್ಲಿ ಹಿಡಿಸಬೇಕು, ಪಿಕ್ಸೆಲ್ ಸಾಲದಿದ್ದರೆ ಒತ್ತು ಮಸಿ ಚುಕ್ಕಿಯಂತಾಗುತ್ತದೆ. ರೆಸಲ್ಯೂಶನ್ ಮಾತ್ರ ಇಳಿಸಬೇಡಿ: ಎಲ್‌ಸಿಡಿ ಪರದೆಯ ಚುಕ್ಕಿಗಳ ಸಂಖ್ಯೆ ಬದಲಾಗುವುದಿಲ್ಲ, ಕಡಿಮೆ ಪಿಕ್ಸೆಲ್ಲಿನ ಚಿತ್ರವನ್ನೇ ಅಷ್ಟೂ ಚುಕ್ಕಿಗಳಿಗೆ ಹಿಗ್ಗಿಸಬೇಕಾಗಿ ಅಕ್ಷರದ ಅಂಚು ಮಂಜಾಗುತ್ತದೆ.