ಮನೆಮಾತು ಪ್ರಬಂಧಕ್ಕೆ ಬಂದಾಗ

ಪ್ರಶ್ನೆ: ಇಂಡೊನೇಷ್ಯಾದ ವಿದ್ಯಾರ್ಥಿಗಳ ಬರಹದಲ್ಲಿ ಆಡುಮಾತು ನುಸುಳುವುದನ್ನು ಭಾಷಾವಿಜ್ಞಾನಿಗಳು ತಪ್ಪೆಂದೇ ಎಣಿಸುತ್ತಾರೆಯೇ? ಕೊಡವ ತಕ್ಕ್ ಮನೆಮಾತಾಗಿರುವ ಮಕ್ಕಳ ಕನ್ನಡ ಪ್ರಬಂಧಗಳನ್ನು ತಿದ್ದುವಾಗ ಈ ಸಂದೇಹ ಕಾಡುತ್ತದೆ.
– ಶಿಕ್ಷಕಿ, ವಿರಾಜಪೇಟೆ

ಉತ್ತರ: ಬರಿಯ ತಪ್ಪೆಂದು ತಳ್ಳಿಹಾಕುವುದಿಲ್ಲ. ಏಳುನೂರಕ್ಕೂ ಹೆಚ್ಚು ಭಾಷೆಗಳಿರುವ ಆ ದೇಶದಲ್ಲಿ, ಮಲಯ ಮೂಲದ ಇಂಡೊನೇಷ್ಯನ್ ಭಾಷೆಯನ್ನು ಯುವಜನರ ಸಮಾವೇಶವೊಂದು 1928ರಲ್ಲಿ ಒಗ್ಗಟ್ಟಿನ ನುಡಿಯೆಂದು ಸಾರಿತು. ಜಾವಾನೀಸ್, ಸುಂಡಾನೀಸ್ ಮನೆಮಾತಿನ ಅನೇಕ ಮಕ್ಕಳು ಅದರ ಶಿಷ್ಟರೂಪವನ್ನು ಶಾಲೆಯಲ್ಲಿ ಕಲಿಯುತ್ತಾರೆ. ‘ಬರೆ’ ಎಂಬರ್ಥದ ‘ತುಲಿಸ್’ ಧಾತು ಶಿಷ್ಟ ಬರಹದಲ್ಲಿ ‘ಮೆನುಲಿಸ್’ ಆದರೆ, ಜಕಾರ್ತದ ಆಡುಮಾತಿನಲ್ಲಿ ‘ನುಲಿಸ್’ ಆಗುತ್ತದೆ. ತಕಾರ ನಕಾರವಾಗುವ ಕ್ರಮ ಎರಡರಲ್ಲೂ ಇರುವುದರಿಂದ, ‘ನುಲಿಸ್’ ಎಂದು ಬರೆದ ಮಗು ನಿಯಮವನ್ನು ಮುರಿದಿಲ್ಲ, ಬೇರೊಂದು ನಿಯಮವನ್ನು ಪಾಲಿಸಿದೆ.

ಕೊಡವ ತಕ್ಕ್ ಮಾತ್ರ ಕನ್ನಡದ ಆಡುರೂಪವಲ್ಲ, ಸ್ವತಂತ್ರ ದ್ರಾವಿಡ ಭಾಷೆ. ಹಾಗಾಗಿ ನಿಮ್ಮ ಮಕ್ಕಳ ಸ್ಥಿತಿ ಜಾವಾನೀಸ್ ಮನೆಯ ಮಗುವಿನದಕ್ಕೆ ಹತ್ತಿರ. ಕೆಂಪು ಶಾಯಿಯಲ್ಲಿ ಬರೇ ಗೆರೆ ಎಳೆಯದೆ, ಮನೆಮಾತಿನ ರೂಪವನ್ನೂ ಕನ್ನಡದ ರೂಪವನ್ನೂ ಪಕ್ಕಪಕ್ಕದಲ್ಲಿ ಬರೆದು ತೋರಿಸಿರಿ.