ಹಿತ್ತಾಳೆ ತಗಡಿನ ಮಾಡೆಲ್ ರೈಲ್ ಇಂಜಿನ್ ಕಿಟ್ ತರಿಸಿದೀನಿ, ಬೆಸುಗೆ ಹಾಕೋಕೆ ಬರಲ್ಲ, ಕಟ್ಟೋಕಾಗತ್ತಾ?

ಆಗತ್ತೆ. ಬೆಸುಗೆಗೆ ನೀವು ಹೆದರ್ತಿದೀರ, ಅದು ನಾಲ್ಕೈದು ಭಾನುವಾರ ಕೂತ್ರೆ ಕೈಗೆ ಹತ್ತತ್ತೆ, ನಿದ್ದೆ ಕೆಡಿಸೋದು ಚಕ್ರಗಳು.

ನಾನು ಕೋಲಾರದವನು. ಚಿಕ್ಕಬಳ್ಳಾಪುರದ ಕಡೆ ಹೋಗ್ತಿದ್ದ ಎರಡೂವರೆ ಅಡಿ ನ್ಯಾರೋ ಗೇಜ್ ರೈಲಿಂದೇ ಕಿಟ್ ಬೇಕು ಅಂತ ಹುಡುಕಿ ಹುಡುಕಿ ಸಿಗ್ದೆ (ಆ ಲೈನೂ ಈಗಿಲ್ಲ, 2013ರಲ್ಲಿ ಬ್ರಾಡ್ ಗೇಜ್ ಆಯ್ತು) ಕೊನೆಗೆ ಇಂಗ್ಲೆಂಡಿನ ಆರು ಚಕ್ರದ್ದೊಂದು ಪುಟ್ಟ ಟ್ಯಾಂಕ್ ಇಂಜಿನ್ (ನೀರು, ಕಲ್ಲಿದ್ದಲು ತನ್ನ ಮೈಮೇಲೇ ಹೊರೋ ಉಗಿ ಇಂಜಿನ್) ಕಿಟ್ ತರಿಸ್ದೆ. 4 ಎಂಎಂ ಸ್ಕೇಲು, ಅಂದ್ರೆ ಅಸಲಿ ಇಂಜಿನ್ನಿನ ಒಂದಡಿ ಇಲ್ಲಿ 4 ಎಂಎಂ. ನಿಮ್ ಕೈ 1 ಎಂಎಂ ತಪ್ಪಿದ್ರೆ ಅಸಲಿಯಲ್ಲಿ ಮೂರಿಂಚು ಸೊಟ್ಟ.

ಬೆಸುಗೇಲಿ ಮೊದಮೊದಲು ಎಲ್ಲಾ ಕಡೆ ಉಂಡೆ ಉಂಡೆ ಕಟ್ತಿತ್ತು. ನಮ್ ಬೀದಿ ಅಕ್ಕಸಾಲಿ ಆಚಾರ್ರು ನೋಡಿ 'ಬೆಸುಗೆ ಯಾಕಪ್ಪಾ ಕಾಯಿಸ್ತೀಯ, ತಗಡು ಕಾಯ್ಸು, ಬೆಸುಗೆ ತಾನೇ ಓಡುತ್ತೆ' ಅಂದ್ರು, ಅಷ್ಟೇ ಪಾಠ. ಕಿಟ್ಟಲ್ಲಿ ಬಿಳಿ ತಗಡಿದ್ರೆ ಅದು ಜರ್ಮನ್ ಸಿಲ್ವರ್, ಹಿತ್ತಾಳೆಯಷ್ಟು ಶಾಖ ಎಳ್ಕೊಳ್ಳಲ್ಲ, ಅದ್ರಲ್ಲೇ ಕೈ ಪಳಗಿಸಿ. ಮಡಚೋ ಕಡೆ ಅರ್ಧ ಕೊರೆದ ಗೆರೆ ಇರತ್ತೆ, ಗೆರೆ ಒಳಗಡೆ ಬರೋ ಹಾಗೆ ಮಡಚ್ಬೇಕು. ಚಿಮಣಿ, ಡೋಮ್ (ಬಾಯ್ಲರ್ ಮೇಲಿನ ಗುಮ್ಮಟ) ವೈಟ್ ಮೆಟಲ್ದು, ಅಂದ್ರೆ ಬೇಗ ಕರಗೋ ಮೆತ್ತನೆ ಲೋಹದ್ದು ಬರತ್ತಲ್ಲ, ಮಾಮೂಲಿ ಕಾವಿಗೆ ನನ್ ಚಿಮಣಿ ತುಪ್ಪ ಕರಗ್ದಂಗೆ ಕರಗಿ ಕೆಳಗಿಳೀತು. ಅದಕ್ಕೆ 70 ಡಿಗ್ರಿಗೆ ಕರಗೋ ಬೆಸುಗೆನೇ ಬೇರೆ ಇದೆ, ಆದ್ರೆ ಅದು ಬರೀ ಹಿತ್ತಾಳೆಗೆ ಹಿಡಿಯಲ್ಲ, ಮೊದ್ಲು ಮಾಮೂಲಿ ಬೆಸುಗೆ ತೆಳ್ಳಗೆ ಸವರಿರ್ಬೇಕು.

ಇನ್ನು ಚಕ್ರ. ಎರಡೂ ಬದಿ ಕ್ರ್ಯಾಂಕ್ ಪಿನ್ (ಚಕ್ರಗಳನ್ನ ಸೇರಿಸೋ ರಾಡು ಸಿಕ್ಕಿಸೋ ಮೊಳೆ) ಒಂದಕ್ಕೊಂದು 90 ಡಿಗ್ರಿ ಹಿಂದೆ ಮುಂದೆ ಇರ್ಬೇಕು, ಅಸಲಿ ಇಂಜಿನ್ನಲ್ಲೂ ಹಂಗೇ, ಒಂದು ಬದಿ ಪಿಸ್ಟನ್ ಕೊನೇಲಿ ನಿಂತ್ಕೊಂಡ್ರೆ ಇನ್ನೊಂದು ಬದಿ ತಳ್ಳತ್ತೆ. ನಾನು ಸರಿಯಾಗಿ 90 ಬರ್ಬೇಕು ಅಂತ ವಾರಗಟ್ಲೆ ಒದ್ದಾಡ್ದೆ, ಆಮೇಲೆ ಗೊತ್ತಾಯ್ತು 88 ಆದ್ರೂ ನಡಿಯತ್ತೆ, ಮೂರೂ ಆಕ್ಸಲ್ಗೆ ಒಂದೇ ಇರ್ಬೇಕು ಅಷ್ಟೇ. ರಾಡಿನ ತೂತುಗಳ ದೂರಾನೂ ಆಕ್ಸಲ್ಗಳ ದೂರಾನೂ ಒಂದೇ ಆಗ್ಬೇಕು, ಇಲ್ಲಾಂದ್ರೆ ಪ್ರತಿ ಸುತ್ತಲ್ಲೂ ಒಂದೇ ಜಾಗದಲ್ಲಿ ಗಕ್ಕಂತ ಹಿಡ್ಕೊಳ್ಳತ್ತೆ. ನಾನು ಆಗ ಪೆದ್ದನ ಥರ ತೂತು ದೊಡ್ಡದು ಮಾಡ್ತಾ ಹೋದೆ, ಹಿಡ್ಕೊಳ್ಳೋದು ಹೋಯ್ತು, ಇಂಜಿನ್ ಕುಂಟೋಕೆ ಶುರುವಾಯ್ತು, ರಾಡು ಬೇರೆ ತರಿಸ್ದೆ. ಮೊದ್ಲು ಎರಡೇ ಆಕ್ಸಲ್ ಜೋಡಿಸಿ ಮೋಟರ್ ಇಲ್ದೆ ಗಾಜಿನ ಮೇಲೆ ಬೆರಳಲ್ಲಿ ತಳ್ಳಿ ನೋಡಿ, ಸಲೀಸಾಗಿ ಉರುಳಿದ್ರೆ ಮೂರನೇದು ಹಾಕಿ, ಆಗ ತಪ್ಪು ಎಲ್ಲಿದೆ ಅಂತ ಸಿಗತ್ತೆ. ಚಾಸಿ ಓಡೋವರೆಗೂ ಬಾಡಿ ಮುಟ್ಬೇಡಿ. ಬಾಡಿ ಚೆನ್ನಾಗಿ ಕಾಣತ್ತೆ ಅಂತ ಅದ್ನೇ ಮೊದ್ಲು ಕಟ್ಟಿ ಷೋಕೇಸಲ್ಲಿ ಇಟ್ಟವರು ತುಂಬಾ ಜನ.

ಹಾಂ, ಫ್ಲಕ್ಸ್ (ಬೆಸುಗೆ ಹಿಡಿಯೋಕೆ ಹಚ್ಚೋ ದ್ರಾವಣ) ಆಸಿಡ್ದು, ಪ್ರತಿ ದಿನ ಕೆಲ್ಸ ಮುಗಿದ್ಮೇಲೆ ಹಳೇ ಬ್ರಷ್ ತಗೊಂಡು ತೊಳೀರಿ, ಇಲ್ಲಾಂದ್ರೆ ಹಸಿರು ಕಿಲುಬು ಬರತ್ತೆ.

ನಿಮ್ ಡಬ್ಬದಲ್ಲಿ ಚಕ್ರ, ಮೋಟರ್, ಗೇರ್‌ಬಾಕ್ಸ್ ಇದ್ಯಾ ನೋಡಿ, ಎಷ್ಟೋ ಕಿಟ್ಟಲ್ಲಿ ಇರಲ್ಲ, ಬೇರೆ ತರಿಸ್ಬೇಕು. ಯಾವ ಇಂಜಿನ್ ಅಂತ ಹೇಳಿ.